ಜರ್ಮನಿಯ ಸರಕಾರಿ ಸಂಗೀತ ವಿಶ್ವವಿದ್ಯಾಲಯಗಳು: ಶುಲ್ಕವಿಲ್ಲ, ಖರ್ಚಿದೆ

ಹೊರದೇಶಕ್ಕೆ ಹೋಗಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪದವಿ ಪಡೆಯಬೇಕು, ಆದರೆ ಅದಕ್ಕಾಗಿ ಮನೆಯವರು ಸಾಲದಲ್ಲಿ ಮುಳುಗಬಾರದು ಎಂದು ದಾರಿ ಹುಡುಕುವವರ ಕಿವಿಗೆ ಮೊದಲು ಬೀಳುವ ಹೆಸರು ಜರ್ಮನಿ. ಅಲ್ಲಿ ಸರಕಾರ ನಡೆಸುವ 24 ಸಂಗೀತ ವಿಶ್ವವಿದ್ಯಾಲಯಗಳಿವೆ. 'ಮುಜೀಕ್‌ಹೋಖ್‌ಶೂಲ' ಎಂಬುದು ಅವುಗಳ ಸಾಮಾನ್ಯ ಹೆಸರು. ಅವುಗಳಲ್ಲಿ ಒಂದರಲ್ಲಿ ನಾನು 2023ರ ಅಕ್ಟೋಬರ್‌ನಿಂದ ವಿಯೋಲಾ (ವಯಲಿನ್‌ಗಿಂತ ತುಸು ದೊಡ್ಡ ತಂತಿವಾದ್ಯ) ಕಲಿಯುತ್ತಿದ್ದೇನೆ. ಅದಕ್ಕೂ ಮೊದಲು ಬೇರೆ ಎರಡು ಕಡೆ ಪ್ರವೇಶ ಪರೀಕ್ಷೆಗೆ ಕುಳಿತು ಬರಿಗೈಯಲ್ಲಿ ಹಿಂದಿರುಗಿದ್ದೇನೆ. ನಾನು ಕಂಡುಕೊಂಡಿದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಸಿಗುವ ಪಾಠಕ್ಕೆ ಹೋಲಿಸಿದರೆ ಸಂಸ್ಥೆಗೆ ಕಟ್ಟುವ ಹಣ ಏನೇನೂ ಅಲ್ಲ. ಆದರೆ 'ಉಚಿತ' ಎಂಬ ಮಾತನ್ನು ನಂಬಿ ಹೊರಟವರು ಸಂಸ್ಥೆಯ ಬಾಗಿಲು ತಲುಪುವ ಮೊದಲೇ ಕೈ ಖಾಲಿ ಮಾಡಿಕೊಳ್ಳುತ್ತಾರೆ, ಏಕೆಂದರೆ ಇಲ್ಲಿನ ದೊಡ್ಡ ಖರ್ಚು ಇರುವುದು ಪ್ರವೇಶದ ಆಚೆ ಅಲ್ಲ, ಈಚೆ.

ಶುಲ್ಕದ ವಿಷಯವನ್ನು ಮೊದಲು ಮುಗಿಸೋಣ. ಜರ್ಮನಿಯಲ್ಲಿ ಶಿಕ್ಷಣ ರಾಜ್ಯಗಳ ಕೈಯಲ್ಲಿರುವುದರಿಂದ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಉತ್ತರ ಇಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಹೊರದೇಶದ ವಿದ್ಯಾರ್ಥಿಗೂ ಬೋಧನಾ ಶುಲ್ಕ ಇಲ್ಲ. ಪ್ರತಿ ಸೆಮಿಸ್ಟರ್‌ಗೆ ಸುಮಾರು 100ರಿಂದ 350 ಯೂರೋವರೆಗಿನ ವಂತಿಗೆ ಮಾತ್ರ ಕಟ್ಟಬೇಕು. ಅದರಲ್ಲಿ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯ ಪಾಲು ಇರುತ್ತದೆ, ಹಲವು ಊರುಗಳಲ್ಲಿ ಬಸ್ಸು ರೈಲುಗಳ ಪಾಸೂ ಸೇರಿರುತ್ತದೆ. ಆದರೆ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕ ವಿಧಿಸಿದೆ. ಫ್ರೈಬುರ್ಗ್, ಕಾರ್ಲ್ಸ್‌ರೂಹ, ಮಾನ್‌ಹೈಮ್, ಸ್ಟುಟ್‌ಗಾರ್ಟ್ ಮತ್ತು ಟ್ರೋಸಿಂಗೆನ್ ಎಂಬ ಐದು ಸಂಗೀತ ಸಂಸ್ಥೆಗಳು ಆ ರಾಜ್ಯದಲ್ಲಿವೆ. ಸಂಗೀತ ರಚನಕಾರ ಮೆಂಡೆಲ್ಸೋನ್ 1843ರಲ್ಲಿ ಸ್ಥಾಪಿಸಿದ ಲೈಪ್‌ಜಿಗ್‌ನ ಸಂಸ್ಥೆಯೂ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,800 ಯೂರೋ ಪಡೆಯುತ್ತದೆ. ನಾಲ್ಕು ವರ್ಷದ ಪದವಿಗೆ ಎಂಟು ಸೆಮಿಸ್ಟರ್. ಗುಣಿಸಿದರೆ ಮೊದಲ ಲೆಕ್ಕದಲ್ಲಿ 12,000, ಎರಡನೆಯದರಲ್ಲಿ 14,400 ಯೂರೋ. ಬ್ರಿಟನ್ ಅಥವಾ ಅಮೆರಿಕದ ಹೆಸರಾಂತ ಸಂಸ್ಥೆಗಳಲ್ಲಿ ಒಂದೇ ವರ್ಷಕ್ಕೆ ಇದಕ್ಕಿಂತ ಹೆಚ್ಚು ತೆರಬೇಕಾಗುತ್ತದೆ ಎಂಬುದು ನಿಜ. ಆದರೂ ಅರ್ಜಿ ಹಾಕುವಾಗ ಊರಿನ ಹೆಸರನ್ನಷ್ಟೇ ನೋಡದೆ ಅದು ಯಾವ ರಾಜ್ಯದಲ್ಲಿದೆ ಎಂದು ನೋಡಿಕೊಳ್ಳಬೇಕು.

ಇನ್ನು ವೀಸಾಕ್ಕೆ ತೋರಿಸಬೇಕಾದ ಹಣ. ಬ್ಯಾಂಕಿನಲ್ಲಿ ಬ್ಲಾಕ್ಡ್ ಅಕೌಂಟ್ ತೆರೆದು ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಇಟ್ಟಿರಬೇಕು. ನಾನು ಹೊರಟಾಗ ಆ ಮೊತ್ತ 11,208 ಯೂರೋ ಇತ್ತು. 2024ರ ಸೆಪ್ಟೆಂಬರ್‌ನಿಂದ ಅದು 11,904 ಆಯಿತು, ಅಂದರೆ ತಿಂಗಳಿಗೆ 992. ಈ ಹಣ ಎಲ್ಲಿಯೂ ಹೋಗುವುದಿಲ್ಲ, ಜರ್ಮನಿಗೆ ಬಂದ ಮೇಲೆ ತಿಂಗಳು ತಿಂಗಳು ನಮ್ಮ ಕೈಗೇ ಬರುತ್ತದೆ. ಆದರೆ ಅಷ್ಟು ಹಣವನ್ನು ಒಂದೇ ಸಲಕ್ಕೆ ಒಟ್ಟುಮಾಡುವುದು ಹೆಚ್ಚಿನ ಕುಟುಂಬಗಳಿಗೆ ನಾಲ್ಕು ವರ್ಷದ ಶುಲ್ಕವನ್ನು ಕಂತಿನಲ್ಲಿ ಕಟ್ಟುವುದಕ್ಕಿಂತ ಕಷ್ಟ. ಶುಲ್ಕವಿಲ್ಲದ ದೇಶ ಎಂಬ ಹೊಗಳಿಕೆಯಲ್ಲಿ ಈ ಸಂಗತಿ ಸಾಮಾನ್ಯವಾಗಿ ಕೊನೆಯ ಸಾಲಿನಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ.

ಈಗ ಪ್ರವೇಶ ಪರೀಕ್ಷೆಗೆ ಬರುತ್ತೇನೆ. ಇದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ, ಹೇಗೆ ಕಷ್ಟ ಎಂದು ಹೇಳುವವರು ಕಡಿಮೆ. ಹೆಚ್ಚಿನ ಕಡೆ ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಅರ್ಜಿಯ ಕೊನೆಯ ದಿನ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಬರುತ್ತದೆ, ಪರೀಕ್ಷೆಗಳು ಮೇ ಕೊನೆಯಿಂದ ಜುಲೈ ಆರಂಭದವರೆಗೆ ನಡೆಯುತ್ತವೆ. ಹಲವು ಸಂಸ್ಥೆಗಳು ಮುವಾಕ್ ಎಂಬ ಆನ್‌ಲೈನ್ ವೇದಿಕೆಯ ಮೂಲಕ ಅರ್ಜಿ ಪಡೆಯುತ್ತವೆ. ಒಮ್ಮೆ ತುಂಬಿದ ವಿವರಗಳು ಮತ್ತೆ ಮತ್ತೆ ಬಳಕೆಗೆ ಬರುವುದರಿಂದ ಐದಾರು ಕಡೆ ಅರ್ಜಿ ಹಾಕುವುದು ತ್ರಾಸದಾಯಕವಲ್ಲ. ಹಲವು ಕಡೆ ಮೊದಲ ಸುತ್ತಿಗೆ ವಿಡಿಯೊ ಸಾಕು. ಎರಡನೆಯ ಸುತ್ತಿಗೆ ಮಾತ್ರ ಖುದ್ದಾಗಿ ಹೋಗಬೇಕು, ಮತ್ತು ಖರ್ಚಿನ ಮೀಟರ್ ಓಡತೊಡಗುವುದು ಅಲ್ಲಿಂದಲೇ.

ನನ್ನ ಮೊದಲ ಪರೀಕ್ಷೆ 2022ರ ಜೂನ್‌ನಲ್ಲಿತ್ತು. ಬೆಳಗ್ಗೆ ಎಂಟೂವರೆಗೆ ಸುಮಾರು ನಲವತ್ತು ಮಂದಿಯನ್ನು ಒಂದು ಕೋಣೆಯಲ್ಲಿ ಕೂರಿಸಿ ಶ್ರವಣ ಪರೀಕ್ಷೆ ಆರಂಭಿಸಿದರು. ಪಿಯಾನೋದ ಬಳಿ ಕುಳಿತವರು ಎರಡು ಸ್ವರಗಳನ್ನು ನುಡಿಸುತ್ತಾರೆ, ಅವುಗಳ ನಡುವಿನ ಅಂತರವನ್ನು ಬರೆಯಬೇಕು. ಆಮೇಲೆ ಮೂರು ಸ್ವರಗಳ ಕೂಟ, ಅದರ ತಿರುವು. ಆಮೇಲೆ ನಾಲ್ಕು ಸಾಲಿನ ಒಂದು ರಾಗವನ್ನು ಕೇಳಿ ಸ್ವರಲಿಪಿಯಲ್ಲಿ ಇಳಿಸಬೇಕು. ಕಿವಿಯ ಬಗ್ಗೆ ನನಗೆ ಭಯವಿರಲಿಲ್ಲ. ಆದರೆ ಜರ್ಮನಿಯಲ್ಲಿ ಸ್ವರಗಳ ಹೆಸರೇ ಬೇರೆ ಎಂಬುದನ್ನು ನಾನು ಓದಿ ತಿಳಿದಿದ್ದೆನೇ ಹೊರತು ಅದು ಕೈಗೆ ಬಂದಿರಲಿಲ್ಲ. ಜಗತ್ತಿನ ಹೆಚ್ಚಿನ ಕಡೆ 'ಬಿ' ಎನ್ನುವ ಸ್ವರಕ್ಕೆ ಇಲ್ಲಿ 'ಹಾ' ಎನ್ನುತ್ತಾರೆ. ಇಲ್ಲಿ 'ಬೆ' ಎಂದರೆ ಬಿ ಫ್ಲ್ಯಾಟ್, ಅಂದರೆ ಬಿಗಿಂತ ಅರ್ಧ ಸ್ವರ ಕೆಳಗಿನದು. ಎಫ್ ಶಾರ್ಪ್ 'ಫಿಸ್' ಆಗುತ್ತದೆ, ಇ ಫ್ಲ್ಯಾಟ್ 'ಎಸ್' ಆಗುತ್ತದೆ. ಗಡಿಬಿಡಿಯಲ್ಲಿ ನಾನು ಹಳೆಯ ಅಭ್ಯಾಸದಂತೆ ಬರೆದುಕೊಂಡು ಹೋದೆ, ಸರಿಯಾಗಿ ಕೇಳಿಸಿಕೊಂಡ ಸ್ವರಗಳೂ ತಪ್ಪು ಉತ್ತರಗಳಾಗಿ ಕುಳಿತವು. ತಪ್ಪು ನನ್ನದೇ, ಸಂಸ್ಥೆಯದಲ್ಲ. ವಿಮಾನ, ರೈಲು, ಮೂರು ರಾತ್ರಿಯ ವಸತಿ, ವೀಸಾ ಎಲ್ಲಕ್ಕೂ ಮಾಡಿದ ಖರ್ಚು ಒಂದು ಅಕ್ಷರದ ಮುಂದೆ ನಿಷ್ಫಲವಾಯಿತು. ಅಂದಿನಿಂದ ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ನಾನು 'ಹಾ' ಎಂದೇ ಹೇಳುತ್ತೇನೆ.

ಎರಡನೆಯ ಸೋಲು ಬೇರೆ ಬಗೆಯದು, ಅದರ ಬಗ್ಗೆ ನನಗೆ ಇಂದಿಗೂ ಅಸಮಾಧಾನವಿದೆ. 2023ರ ಫೆಬ್ರವರಿಯಲ್ಲಿ, ಬೇಸಿಗೆ ಸೆಮಿಸ್ಟರ್‌ಗೂ ಪ್ರವೇಶವಿದ್ದ ಇನ್ನೊಂದು ಸಂಸ್ಥೆಗೆ ಹೋದೆ. ಸಿದ್ಧಾಂತ, ಶ್ರವಣ, ಪಿಯಾನೋ ಮೂರೂ ಮುಗಿದವು. ಮುಖ್ಯ ವಾದ್ಯದ ಪರೀಕ್ಷೆಗೆ ಮುನ್ನ ಪಿಯಾನೋ ಪಕ್ಕವಾದ್ಯದವರೊಡನೆ ಹತ್ತು ನಿಮಿಷದ ತಾಲೀಮಿಗೆ ಅವಕಾಶ ಕೊಟ್ಟರು. ಒಳಗೆ ಆರು ಮಂದಿ ಪರೀಕ್ಷಕರಿದ್ದರು. ಕಾನ್ಚೆರ್ಟೊದ (ಆರ್ಕೆಸ್ಟ್ರಾ ಜೊತೆಗೆ ಒಂದು ಮುಖ್ಯ ವಾದ್ಯ ನುಡಿಸುವ ಕೃತಿ) ಮೊದಲ ಭಾಗವನ್ನು ಅರ್ಧದಲ್ಲಿ ನಿಲ್ಲಿಸಿ, ಬಾಖ್‌ನ ಸೂಟ್‌ನಿಂದ ನಿಧಾನಗತಿಯ ಭಾಗವನ್ನು ಕೇಳಿ, 'ಧನ್ಯವಾದ' ಎಂದು ಕಳುಹಿಸಿದರು. ಎಲ್ಲ ಸೇರಿ ಹನ್ನೊಂದು ನಿಮಿಷ. ಮೂರು ವಾರಗಳ ನಂತರ ಬಂದ ಪತ್ರದಲ್ಲಿ ಪರೀಕ್ಷೆಯಲ್ಲಿ ಉತ್ತೀರ್ಣ ಎಂದೇ ಇತ್ತು. ಮರುಸಾಲಿನಲ್ಲಿ, ಸ್ಥಳ ಲಭ್ಯವಿಲ್ಲ ಎಂದು. ಈ ವ್ಯವಸ್ಥೆಯಲ್ಲಿ ಪಾಸಾಗುವುದು ಬೇರೆ, ಸೀಟು ಸಿಗುವುದು ಬೇರೆ. ಪ್ರಾಧ್ಯಾಪಕರ ತರಗತಿಯಲ್ಲಿ ಯಾರಾದರೂ ಪದವಿ ಮುಗಿಸಿ ಹೊರಹೋದಾಗ ಮಾತ್ರ ಜಾಗ ತೆರವಾಗುತ್ತದೆ. ಆ ವರ್ಷ ಆ ತರಗತಿಯಲ್ಲಿ ತೆರವಾಗಲಿದ್ದದ್ದು ಒಂದೇ ಸ್ಥಾನ ಎಂಬುದು ಹೊರಗೆ ಕಾಯುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಯೊಬ್ಬರಿಂದ ತಿಳಿಯಿತು. ಅರ್ಜಿಯ ಜೊತೆಗೆ 50 ಯೂರೋ ಪರೀಕ್ಷಾ ಶುಲ್ಕ ಪಡೆದ ಸಂಸ್ಥೆ, ಸಾವಿರಾರು ಮೈಲಿ ದೂರದಿಂದ ಬರುವವರಿಗೆ ಈ ಒಂದು ಅಂಕಿಯನ್ನು ಮೊದಲೇ ತಿಳಿಸಬಹುದಿತ್ತು. ಈ ವ್ಯವಸ್ಥೆಯ ಬಗ್ಗೆ ನನ್ನ ದೊಡ್ಡ ದೂರು ಇದೇ.

ಇದಕ್ಕೆ ಪರಿಹಾರ ಇದೆ, ಆದರೆ ಅದನ್ನು ಅರ್ಜಿ ನಮೂನೆಯಲ್ಲಿ ಯಾರೂ ಬರೆದಿರುವುದಿಲ್ಲ. ಪರೀಕ್ಷೆಗೆ ಆರೇಳು ತಿಂಗಳು ಮೊದಲೇ ಪ್ರಾಧ್ಯಾಪಕರಿಗೆ ನೇರವಾಗಿ ಮಿಂಚಂಚೆ ಬರೆದು, ಎರಡು ಧ್ವನಿಮುದ್ರಿಕೆಗಳನ್ನು ಲಗತ್ತಿಸಿ, ಒಂದು ಪರಿಚಯ ಪಾಠಕ್ಕೆ ಅವಕಾಶ ಕೇಳುವುದು ಇಲ್ಲಿನ ವಾಡಿಕೆ. ಇದು ಶಿಫಾರಸು ಹುಡುಕಿಕೊಂಡು ಹೋದಂತಲ್ಲ. ಗುರು ಶಿಷ್ಯರು ನಾಲ್ಕು ವರ್ಷ ಪ್ರತಿ ವಾರ ಎದುರುಬದುರು ಕೂರಬೇಕಾದ್ದರಿಂದ ಇಬ್ಬರೂ ಮೊದಲೇ ಒಬ್ಬರನ್ನೊಬ್ಬರು ನೋಡಿಕೊಳ್ಳುವುದು ಸಹಜ. ಮುಂದಿನ ವರ್ಷ ಎಷ್ಟು ಸ್ಥಾನ ತೆರವಾಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ನೇರವಾಗಿ ಉತ್ತರಿಸುತ್ತಾರೆ. ನಾನು ಒಂಬತ್ತು ಮಂದಿಗೆ ಬರೆದೆ. ಆರು ಮಂದಿ ಉತ್ತರಿಸಿದರು. ಮೂವರು 'ಈ ವರ್ಷ ಜಾಗವಿಲ್ಲ, ಬರಬೇಡಿ' ಎಂದರು. ಆ ಮೂರು ಉತ್ತರಗಳು ನನಗೆ ಮೂರು ಪ್ರಯಾಣಗಳ ಹಣವನ್ನು ಉಳಿಸಿದವು. ಉಳಿದವರಲ್ಲಿ ಒಬ್ಬರು ವಿಡಿಯೊ ಕರೆಯಲ್ಲಿ ನಲವತ್ತು ನಿಮಿಷ ಪಾಠ ಮಾಡಿ, ಹಣ ಬೇಡವೆಂದು ಹೇಳಿ, ನನ್ನ ಬಲಗೈ ಹೆಬ್ಬೆರಳು ಬೋವನ್ನು ಹಿಡಿಯುವ ಬದಲು ಹಿಸುಕುತ್ತಿದೆ ಎಂದರು. ಅದನ್ನು ಸರಿಪಡಿಸಿಕೊಳ್ಳಲು ನಾಲ್ಕು ತಿಂಗಳು ಬೇಕಾಯಿತು. ಜೂನ್‌ನಲ್ಲಿ ಅವರ ಸಂಸ್ಥೆಯಲ್ಲೇ ಪರೀಕ್ಷೆ ಬರೆದೆ, ಇಂದು ಅವರೇ ನನ್ನ ಗುರುಗಳು.

ನಡುವೆ ಒಂದು ಮಾತು. ಹೊರದೇಶದ ಪ್ರವೇಶ ಮಾಡಿಸಿಕೊಡುವ ಸಲಹಾ ಸಂಸ್ಥೆಯೊಂದಕ್ಕೆ ನಾನು ಆರಂಭದಲ್ಲಿ ಹಣ ಕೊಟ್ಟಿದ್ದೆ. ಹೆಸರು ಇಲ್ಲಿ ಬೇಡ. ಅವರು ಮಾಡಿದ್ದು ಮುವಾಕ್‌ನಲ್ಲಿ ನಾನೇ ತುಂಬಬಹುದಾಗಿದ್ದ ನಮೂನೆಯನ್ನು ತುಂಬಿದ್ದು, ಅದೂ ವಾದ್ಯದ ಅಂಕಣದಲ್ಲಿ ವಿಯೋಲಾ ಬದಲು ವಯಲಿನ್ ಎಂದು. ಎಂಜಿನಿಯರಿಂಗ್ ಪ್ರವೇಶಕ್ಕೆ ಇಂಥವರಿಂದ ಏನಾದರೂ ಉಪಯೋಗವಿದೆಯೋ ಏನೋ. ಯಾವ ಪ್ರಾಧ್ಯಾಪಕರ ಕಿವಿಗೆ ಯಾವ ನಾದ ಹಿಡಿಸುತ್ತದೆ ಎಂಬುದನ್ನು ಆಧರಿಸಿದ ಈ ಪ್ರವೇಶದಲ್ಲಿ ಅವರಿಗೆ ಮಾಡಲು ಏನೂ ಇಲ್ಲ.

ಪ್ರವೇಶದ ದಾಖಲೆಗಳ ವಿಷಯದಲ್ಲಿ ಒಂದು ಸಮಾಧಾನವಿದೆ. ಶಾಲಾ ಪ್ರಮಾಣಪತ್ರ ಜರ್ಮನ್ ವಿಶ್ವವಿದ್ಯಾಲಯ ಸೇರಲು ಸಾಲದು ಎಂದು ತೀರ್ಮಾನವಾದರೂ, ಅಸಾಧಾರಣ ಕಲಾ ಪ್ರತಿಭೆ ಎಂಬ ಆಧಾರದ ಮೇಲೆ ವಾದನದ ಪದವಿಗೆ ವಿನಾಯಿತಿ ಕೊಡುವ ಅವಕಾಶ ಬಹುತೇಕ ಕಡೆ ಇದೆ. ಜರ್ಮನ್ ಭಾಷೆಗೆ ವಿನಾಯಿತಿ ಇಲ್ಲ. ಪದವಿಗೆ ಸಾಮಾನ್ಯವಾಗಿ ಬಿ1 ಅಥವಾ ಬಿ2 ಹಂತ ಕೇಳುತ್ತಾರೆ. ವೀಸಾದ ಲೆಕ್ಕಾಚಾರ ಮಾತ್ರ ಸೂಕ್ಷ್ಮ. ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ ಬಂದು ಪರೀಕ್ಷೆ ಬರೆಯಬಹುದು, ಆದರೆ ಪಾಸಾದರೆ ಅಲ್ಲಿಯೇ ಉಳಿದು ಅದನ್ನು ವಿದ್ಯಾರ್ಥಿ ಪರವಾನಗಿಯಾಗಿ ಬದಲಿಸಿಕೊಳ್ಳುವಂತಿಲ್ಲ. ಊರಿಗೆ ಮರಳಿ ಹೊಸದಾಗಿ ಅರ್ಜಿ ಹಾಕಬೇಕು. ಫಲಿತಾಂಶ ಜುಲೈಯಲ್ಲಿ, ತರಗತಿ ಅಕ್ಟೋಬರ್‌ನಲ್ಲಿ. ಈ ನಡುವಿನ ಅವಧಿಯಲ್ಲಿ ರಾಯಭಾರ ಕಚೇರಿಯ ಸಮಯ ಸಿಗುವುದು ಅದೃಷ್ಟದ ಮಾತು. ನಾನು ಎರಡು ವಾರ ತಡವಾಗಿ ಸೇರಿದೆ, ಆರ್ಕೆಸ್ಟ್ರಾದ ಮೊದಲ ತಾಲೀಮು ಅಷ್ಟರಲ್ಲಿ ಮುಗಿದಿತ್ತು. ಪರೀಕ್ಷೆ ಬರೆಯಲು ಬರುವವರಿಗಾಗಿಯೇ ಇರುವ ಅಭ್ಯರ್ಥಿ ವೀಸಾ ಈಗ ಒಂಬತ್ತು ತಿಂಗಳವರೆಗೆ ಸಿಗುತ್ತದೆ. ಅದರಲ್ಲಿ ಬಂದವರು ಪಾಸಾದ ಮೇಲೆ ಹಿಂದಿರುಗಬೇಕಾಗಿಲ್ಲ. ಒಂದೇ ಬೇಸಿಗೆಯಲ್ಲಿ ನಾಲ್ಕೈದು ಊರುಗಳಲ್ಲಿ ಪರೀಕ್ಷೆ ಬರೆಯುವ ಯೋಚನೆ ಇರುವವರಿಗೆ ವಿಮಾನದ ಖರ್ಚನ್ನು ಒಂದೇ ಸಲಕ್ಕೆ ಮುಗಿಸುವ ದಾರಿ ಇದು.

ಒಳಗೆ ಬಂದ ಮೇಲೆ ಸಿಗುವುದೇನು? ವಾರಕ್ಕೆ ಒಂದೂವರೆ ಗಂಟೆ, ಗುರುಗಳೊಡನೆ ಒಬ್ಬರಿಗೇ ಪಾಠ. ಅದರ ಜೊತೆಗೆ ಪಕ್ಕವಾದ್ಯದವರೊಡನೆ ನಿಗದಿತ ಸಮಯ, ಚೇಂಬರ್ ಸಂಗೀತ (ಕೆಲವೇ ವಾದಕರ ಸಣ್ಣ ಗುಂಪಿನ ವಾದನ), ಆರ್ಕೆಸ್ಟ್ರಾ, ಸಿದ್ಧಾಂತ, ಪಿಯಾನೋ. ಖಾಸಗಿಯಾಗಿ ಇಷ್ಟು ಪಾಠಕ್ಕೆ ಹಣ ಕೊಡಬೇಕಾಗಿದ್ದರೆ ನನ್ನ ಒಂದು ಸೆಮಿಸ್ಟರ್‌ನ ವಂತಿಗೆ ಮೂರನೆಯ ವಾರಕ್ಕೇ ಕರಗಿಹೋಗುತ್ತಿತ್ತು. ಪ್ರತಿ ತಿಂಗಳು ತರಗತಿಯ ಎಲ್ಲರೂ ಸಣ್ಣ ಸಭಾಂಗಣದಲ್ಲಿ ಒಬ್ಬರ ಮುಂದೆ ಒಬ್ಬರು ನುಡಿಸುತ್ತಾರೆ. ಮೊದಲ ಸಲ ನನ್ನ ಬಲಗೈ ನಡುಗಿದಾಗ ಯಾರೂ ಸಾಂತ್ವನ ಹೇಳಲಿಲ್ಲ. ಗುರುಗಳು 'ಇದೇ ಭಾಗವನ್ನು ಮುಂದಿನ ತಿಂಗಳೂ ನುಡಿಸಿ' ಎಂದರು, ಅಷ್ಟೇ. ಬೋಧನೆಯ ಬಗ್ಗೆ ನನ್ನದು ಪೂರ್ತಿ ಅಂಕ.

ಅಭ್ಯಾಸದ ಕೋಣೆಗಳಿಗೆ ಅಷ್ಟು ಅಂಕ ಕೊಡಲಾರೆ. ನಮ್ಮಲ್ಲಿ ಕೋಣೆಗಳನ್ನು ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು, ಒಬ್ಬರಿಗೆ ದಿನಕ್ಕೆ ಎರಡು ಗಂಟೆ. ಪರೀಕ್ಷೆ ಹತ್ತಿರವಾದಾಗ ಬೆಳಗ್ಗೆ ಏಳಕ್ಕೆ ಬಾಗಿಲ ಮುಂದೆ ಸಾಲು. ಮನೆಯಲ್ಲಿ ನುಡಿಸೋಣ ಎಂದರೆ ಅದಕ್ಕೂ ಮಿತಿ ಇದೆ: ರಾತ್ರಿ ಹತ್ತರ ನಂತರ ನಿಶ್ಶಬ್ದ, ಹಲವು ಕಟ್ಟಡಗಳಲ್ಲಿ ಮಧ್ಯಾಹ್ನವೂ ಕೂಡ. ನೆರೆಮನೆಯ ಟ್ರಂಪೆಟ್ ವಾದಕರೊಬ್ಬರ ವಿರುದ್ಧದ ಪ್ರಕರಣದಲ್ಲಿ ಜರ್ಮನಿಯ ಸಂಯುಕ್ತ ನ್ಯಾಯಾಲಯ 2018ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟು, ಮನೆಯಲ್ಲಿ ವಾದ್ಯ ನುಡಿಸುವುದನ್ನು ಪೂರ್ತಿ ನಿಷೇಧಿಸಲಾಗದು, ಕೆಲಸದ ದಿನಗಳಲ್ಲಿ ಎರಡರಿಂದ ಮೂರು ಗಂಟೆ, ಭಾನುವಾರ ಮತ್ತು ರಜಾದಿನಗಳಲ್ಲಿ ಒಂದರಿಂದ ಎರಡು ಗಂಟೆ ಸ್ಥೂಲವಾದ ಅಳತೆಯಾಗಬಹುದು ಎಂದಿತು. ಸಂಗೀತ ವಿದ್ಯಾರ್ಥಿ ಬಾಡಿಗೆ ಕೋಣೆ ಹುಡುಕುವಾಗ ಈ ತೀರ್ಪನ್ನು ಮನೆಯೊಡೆಯರಿಗೆ ಹೇಳಿ ಗೆಲ್ಲಬಹುದು ಎಂದು ನಾನೂ ನಂಬಿದ್ದೆ. ಹೇಳಿದ ಮೊದಲ ಮನೆಯವರು ನಗುತ್ತಲೇ ಬೇರೆಯವರಿಗೆ ಬಾಡಿಗೆಗೆ ಕೊಟ್ಟರು. ಈಗ ನಾನಿರುವ ವಿದ್ಯಾರ್ಥಿ ನಿಲಯದ ನೆಲಮಾಳಿಗೆಯಲ್ಲಿ ಅಭ್ಯಾಸಕ್ಕೆಂದೇ ಎರಡು ಕೋಣೆಗಳಿವೆ. ಅದರಲ್ಲಿ ಒಂದರ ಗೋಡೆಗೆ ಬಟ್ಟೆ ಒಗೆಯುವ ಯಂತ್ರಗಳು ತಾಗಿಕೊಂಡಿವೆ, ಅವು ತಿರುಗುವಾಗ ಹೊರಡುವ ನಾದ ನಮ್ಮ 'ಹಾ'ಗಿಂತ ತುಸು ಕೆಳಗಿರುತ್ತದೆ.

ತಿಂಗಳ ಖರ್ಚಿನಲ್ಲಿ ಬಾಡಿಗೆಯೇ ದೊಡ್ಡ ಪಾಲು, ಅದು ಊರಿನಿಂದ ಊರಿಗೆ ಬಹಳ ಬದಲಾಗುತ್ತದೆ. ಮ್ಯೂನಿಕ್‌ನಲ್ಲಿ 992 ಯೂರೋದಲ್ಲಿ ತಿಂಗಳು ಕಳೆಯುವುದು ಹಗ್ಗದ ಮೇಲಿನ ನಡಿಗೆ. ಡೆಟ್‌ಮೋಲ್ಡ್, ವೈಮಾರ್, ರೋಸ್ಟೊಕ್‌ನಂಥ ಊರುಗಳಲ್ಲಿ ಉಸಿರಾಡಬಹುದು. ಸಂಗೀತದ ಮಟ್ಟ ಊರಿನ ಗಾತ್ರವನ್ನು ಅವಲಂಬಿಸಿಲ್ಲ, ಪ್ರಾಧ್ಯಾಪಕರನ್ನು ಅವಲಂಬಿಸಿದೆ. ಆದ್ದರಿಂದ ಸಣ್ಣ ಊರನ್ನು ಆರಿಸಿಕೊಂಡರೆ ಕಲಿಕೆಯಲ್ಲಿ ನಷ್ಟವಿಲ್ಲ. ವಿದ್ಯಾರ್ಥಿಗಳ ಆರೋಗ್ಯ ವಿಮೆಗೆ ತಿಂಗಳಿಗೆ ಸುಮಾರು 140 ಯೂರೋ ಹೋಗುತ್ತದೆ, ಈ ರಿಯಾಯಿತಿ ದರ ಮೂವತ್ತನೆಯ ವಯಸ್ಸಿನವರೆಗೆ ಮಾತ್ರ. ಟಿವಿ ಇಲ್ಲದಿದ್ದರೂ ಪ್ರತಿ ಮನೆಯೂ ತಿಂಗಳಿಗೆ 18.36 ಯೂರೋ ಪ್ರಸಾರ ವಂತಿಗೆ ಕಟ್ಟಬೇಕು. ಈ ವಂತಿಗೆ ಕೇಳುವ ಪತ್ರ ಮೊದಲ ಸಲ ಬಂದಾಗ ಅದನ್ನು ಮೋಸದ ಪತ್ರವೆಂದು ತಿಳಿದು ಬಿಸಾಡಿದ್ದೆ.

ದುಡಿಮೆಯ ವಿಷಯದಲ್ಲಿ ಸಂಗೀತಗಾರರಿಗೆ ಹೆಚ್ಚು ತಾಗುವ ಒಂದು ತೊಡಕಿದೆ. ಹೊರದೇಶದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 2024ರ ಮಾರ್ಚ್‌ಗೆ ಮುಂಚೆ ಇದು 120 ಮತ್ತು 240 ಇತ್ತು. ಆದರೆ ಈ ಅನುಮತಿ ಸಂಬಳದ ನೌಕರಿಗೆ. ಮಕ್ಕಳಿಗೆ ಮನೆಪಾಠ ಹೇಳುವುದು, ಮದುವೆಯಲ್ಲಿ ನಾಲ್ವರ ಕ್ವಾರ್ಟೆಟ್ ನುಡಿಸುವುದು, ಚರ್ಚಿನ ಕಾರ್ಯಕ್ರಮಕ್ಕೆ ಗೌರವಧನ ಪಡೆಯುವುದು, ಅಂದರೆ ಸಂಗೀತಗಾರರು ಸಹಜವಾಗಿ ಗಳಿಸುವ ದಾರಿಗಳೆಲ್ಲ, ಸ್ವತಂತ್ರ ವೃತ್ತಿ ಎನಿಸಿಕೊಳ್ಳುತ್ತವೆ. ಅದಕ್ಕೆ ವಿದೇಶಿಯರ ಕಚೇರಿಯಿಂದ ಪ್ರತ್ಯೇಕ ಅನುಮತಿ ಬೇಕು. ನನಗೆ ಅದು ಸಿಗಲು ಐದು ತಿಂಗಳಾಯಿತು. ಅಲ್ಲಿಯವರೆಗೆ ಗ್ರಂಥಾಲಯದಲ್ಲಿ ಸ್ವರಲಿಪಿಯ ಪುಸ್ತಕಗಳನ್ನು ಕಪಾಟಿಗೆ ಸೇರಿಸುವ ಕೆಲಸ ಮಾಡಿದೆ. ವಿದ್ಯಾರ್ಥಿವೇತನಗಳಲ್ಲಿ ಡಾಯ್ಚ್‌ಲಾಂಡ್‌ಸ್ಟಿಪೆಂಡಿಯಂ ತಿಂಗಳಿಗೆ 300 ಯೂರೋ ಕೊಡುತ್ತದೆ, ಅರ್ಧ ಸರಕಾರದ್ದು, ಅರ್ಧ ದಾನಿಗಳದ್ದು. ದೇಶದ ಭೇದವಿಲ್ಲ, ಆದರೆ ಸೇರಿದ ಸಂಸ್ಥೆಯ ಮೂಲಕವೇ ಅರ್ಜಿ ಹಾಕಬೇಕು. ಡಿಎಎಡಿ (ಜರ್ಮನ್ ಶೈಕ್ಷಣಿಕ ವಿನಿಮಯ) ಸಂಸ್ಥೆಯ ಸಂಗೀತ ವಿದ್ಯಾರ್ಥಿವೇತನ ಈಗಾಗಲೇ ಪದವಿ ಮುಗಿಸಿದವರಿಗೆ, ಮೊದಲ ಪದವಿಗೆ ಹೊರಟವರಿಗಲ್ಲ.

ಜರ್ಮನಿ ಒಂದೇ ದಾರಿಯಲ್ಲ. ಆಸ್ಟ್ರಿಯಾದ ವಿಯೆನ್ನಾ, ಸಾಲ್ಜ್‌ಬುರ್ಗ್, ಗ್ರಾಜ್‌ಗಳ ಸರಕಾರಿ ಸಂಗೀತ ವಿಶ್ವವಿದ್ಯಾಲಯಗಳು ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 726.72 ಯೂರೋ ಪಡೆಯುತ್ತವೆ, ಲೈಪ್‌ಜಿಗ್‌ಗಿಂತ ಅಗ್ಗ. ಝೆಕ್ ಗಣರಾಜ್ಯದ ಸರಕಾರಿ ಸಂಸ್ಥೆಗಳಲ್ಲಿ ಝೆಕ್ ಭಾಷೆಯಲ್ಲಿ ಓದಿದರೆ ಯಾವ ದೇಶದವರಿಗೂ ಶುಲ್ಕವಿಲ್ಲ, ಆ ಭಾಷೆ ಕಲಿಯುವ ಒಂದು ವರ್ಷದ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಕು. ಇಟಲಿಯ ಸರಕಾರಿ ಕನ್ಸರ್ವೇಟರಿಗಳಲ್ಲಿ, ಅಂದರೆ ಸಂಗೀತ ವಿದ್ಯಾಲಯಗಳಲ್ಲಿ, ಕುಟುಂಬದ ಆದಾಯಕ್ಕೆ ತಕ್ಕಂತೆ ಶುಲ್ಕ; ಆದಾಯ ಕಡಿಮೆ ಇದ್ದವರು ದಾಖಲೆಗಳನ್ನು ಅನುವಾದಿಸಿ ಕೊಟ್ಟರೆ ದೊಡ್ಡ ರಿಯಾಯಿತಿ ಸಿಗುತ್ತದೆ. ಹಂಗೇರಿ ಸರಕಾರದ ಸ್ಟಿಪೆಂಡಿಯಂ ಹಂಗಾರಿಕಂ ಯೋಜನೆ ಶುಲ್ಕವನ್ನು ಮನ್ನಾ ಮಾಡಿ ಮೇಲಿಷ್ಟು ಮಾಸಾಶನವನ್ನೂ ಕೊಡುತ್ತದೆ, 1875ರಲ್ಲಿ ಆರಂಭವಾದ ಬುಡಾಪೆಸ್ಟ್‌ನ ಲಿಸ್ಟ್ ಅಕಾಡೆಮಿಯೂ ಅದರ ವ್ಯಾಪ್ತಿಯಲ್ಲಿದೆ. ಅದಕ್ಕೆ ನಮ್ಮ ದೇಶ ಆ ಒಪ್ಪಂದದಲ್ಲಿರಬೇಕು. ಉತ್ತರದ ದೇಶಗಳನ್ನು ಇನ್ನೂ ಉಚಿತ ಎಂದು ಹೇಳುವವರ ಮಾಹಿತಿ ಹಳೆಯದು: ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್‌ಲೆಂಡ್ 2017ರಲ್ಲಿ, ನಾರ್ವೆ 2023ರಲ್ಲಿ ಹೊರಗಿನವರಿಗೆ ಶುಲ್ಕ ಆರಂಭಿಸಿವೆ.

ಅಮೆರಿಕವನ್ನು ದುಬಾರಿ ಎಂದು ಒಂದೇ ಏಟಿಗೆ ತಳ್ಳಿಹಾಕುವುದೂ ಸರಿಯಲ್ಲ. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ 1928ರಿಂದ ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ಪಡೆಯುತ್ತಿಲ್ಲ, ಲಾಸ್ ಏಂಜಲೀಸ್‌ನ ಕೋಲ್ಬರ್ನ್ ಕನ್ಸರ್ವೇಟರಿ ಊಟ ವಸತಿಯನ್ನೂ ನೋಡಿಕೊಳ್ಳುತ್ತದೆ, ಯೇಲ್ ಸಂಗೀತ ಶಾಲೆಯಲ್ಲಿ 2005ರಲ್ಲಿ ಬಂದ 10 ಕೋಟಿ ಡಾಲರ್ ದೇಣಿಗೆಯ ನಂತರ ಶುಲ್ಕವಿಲ್ಲ. ಮೂರೂ ಕಡೆ ಸ್ಥಾನಗಳು ಬೆರಳೆಣಿಕೆಯವು. ಅಂಥ ಕಡೆ ಅರ್ಜಿ ಹಾಕಬಾರದೆಂದಲ್ಲ. ಅದೊಂದನ್ನೇ ನೆಚ್ಚಿ ಕೂರಬಾರದು.

ನನ್ನ ನೋಟ್‌ಬುಕ್ಕಿನಲ್ಲಿ ಎರಡು ಪುಟಗಳಿವೆ. ಒಂದರಲ್ಲಿ ಸೇರುವ ಮುಂಚೆ ಮೂರು ಪರೀಕ್ಷೆಗಳಿಗೆ ಆದ ಖರ್ಚು, ಇನ್ನೊಂದರಲ್ಲಿ ಸೇರಿದ ಮೇಲೆ ಸಂಸ್ಥೆಗೆ ಕಟ್ಟಿದ ವಂತಿಗೆ. ನಾಲ್ಕು ವರ್ಷ ಮುಗಿದು ಕೊನೆಯ ಕಂತು ಕಟ್ಟಿದಾಗಲೂ ಎರಡನೆಯ ಪುಟದ ಮೊತ್ತ ಮೊದಲನೆಯದರ ಅರ್ಧಕ್ಕೆ ಬರುವುದಿಲ್ಲ. ಇನ್ನೊಮ್ಮೆ ಹೊರಡುವುದಾದರೆ ಆ ಒಂಬತ್ತು ಪತ್ರಗಳನ್ನು ಮೊದಲ ವಿಮಾನದ ಟಿಕೆಟ್ ಕೊಳ್ಳುವ ಮುಂಚೆಯೇ ಬರೆಯುತ್ತೇನೆ.